ಎಲ್ಲದಕ್ಕೂ ಹೆಬ್ಬೆಟ್ಟು

‘ಆಕ್ಟಿವ್ ಪೇರೆಂಟ್’ ಬಹುಮಾನ ಗೆದ್ದ ಸೆಲ್ವಿ ವೇದಿಕೆಯಲ್ಲಿ ಕೇಳಿದ್ದು ಒಂದೇ: “ಇಂಕ್ ಪ್ಯಾಡ್ ಇದ್ಯಾ ಮೇಡಂ? ಸೈನ್ ಬರಲ್ಲ.”

ಭದ್ರಾವತಿಯ ಒಂದು ಶಾಲೆ. ನನ್ನ ತಂಗಿ ಸುಮಾ ಅಲ್ಲಿ ಮೂರನೇ ಕ್ಲಾಸಿನ ಟೀಚರ್. ಹೋದ ವಾರ ಪೋಷಕರ ಸಭೆಗೆ ನನ್ನನ್ನು ಅತಿಥಿಯೆಂದು ಎಳೆದುಕೊಂಡು ಹೋಗಿದ್ದಳು. (ಅಂಕಣ ಬರೆಯುವವರು ಪುಕ್ಕಟೆ ಸಿಗುತ್ತಾರೆ.) ಮಕ್ಕಳ ಕಲಿಕೆಯಲ್ಲಿ ಅಪ್ಪ ಅಮ್ಮಂದಿರೂ ಭಾಗಿಯಾಗಲಿ ಎಂದು ಈ ವರ್ಷ ಶಾಲೆಯವರು ವಾಟ್ಸಾಪ್ ಹಿಡಿದಿದ್ದಾರೆ. ದಿನಾ ಮೆಸೇಜು. ಎಲ್ಲರಿಗಿಂತ ಮೊದಲು ಥಂಬ್ಸ್ ಅಪ್ ಒತ್ತುವವಳು ಸೆಲ್ವಿ. ಅದಕ್ಕೇ ಬಹುಮಾನ.

ಅವಳು ಸಹಿಗೆಂದು ಹೆಬ್ಬೆರಳು ಚಾಚಿದಾಗ ಸುಮಾಳ ಮುಖ ಬಿಳಿಚಿಕೊಂಡಿತು.

“ಸೆಲ್ವಿ, ನಿಮ್ಮ ಮಗಳು ಕವಿತಾ ಕಣ್ಣು ಡಾಕ್ಟರಿಗೆ ತೋರ್ಸಿದ್ರಿ ತಾನೆ?”

“ಯಾವ ಕಣ್ಣು ಮೇಡಂ?”

ನಿಮ್ಮ ಮಗಳಿಗೆ ಬೋರ್ಡ್ ಸರಿಯಾಗಿ ಕಾಣ್ತಿಲ್ಲ, ಬೇಗ ಡಾಕ್ಟರಿಗೆ ತೋರಿಸಿ ಎಂದು ಮಳೆಗಾಲದ ಶುರುವಿನಲ್ಲೇ ಸುಮಾ ಸೆಲ್ವಿಗೆ ಮೆಸೇಜು ಹಾಕಿದ್ದಳು. ಆಮೇಲೂ ನೆನಪಿಸಿದ್ದಳು. ಪ್ರತಿ ಸಲವೂ ಥಂಬ್ಸ್ ಅಪ್. ತೋರಿಸಿರಬೇಕು ಎಂದು ಸುಮ್ಮನಾದಳು.

“ಓದೋಕೆ ಬರಲ್ಲ ಅಂದ್ಮೇಲೆ ಯಾಕ್ರೀ ಒತ್ತಿದ್ರಿ?”

“ರೇಷನ್ ಅಂಗಡೀಲಿ ಹೆಬ್ಬೆಟ್ಟು ಒತ್ತಿಲ್ಲ ಅಂದ್ರೆ ಹೆಸರು ತೆಗೀತಾರಲ್ಲ ಮೇಡಂ, ಇದೂ ಹಂಗೇ ಅಂದ್ಕೊಂಡೆ. ಮಗು ಹೆಸರು ಹೋಗ್ಬಾರ್ದು ಅಂತ ಕೈಯಲ್ಲಿರೋ ಕೆಲ್ಸ ಬಿಟ್ಟು ಒತ್ತೀನಿ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನಗೆ ಮೈ ಉರಿಯಿತು.

ಮರುದಿನವೇ ತಾಯಿ-ಮಗಳಿಬ್ಬರನ್ನೂ ಕರೆದುಕೊಂಡು ನಾನೂ ಸುಮಾಳೂ ಶಿವಮೊಗ್ಗದ ಬಸ್ಸು ಹತ್ತಿದೆವು. ಮಲವಗೊಪ್ಪದಲ್ಲಿ ಬಸ್ಸು ನಿಂತಾಗ, ಆ ಅಂಗಡಿ ಬೋರ್ಡ್ ಓದು ನೋಡೋಣ ಅಂದೆ. ಕವಿತಾ ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ಓದಿದಳು. “ಈ ಕಣ್ಣು ಅಡ್ಡ ಬರುತ್ತೆ ಆಂಟಿ” ಅಂದಳು.

ಡಾಕ್ಟರು ಕನ್ನಡಕ ಬರೆದುಕೊಟ್ಟರು. ಎಡಗಣ್ಣು ಪೂರ್ತಿ ಸರಿಹೋಗುತ್ತದೆಂಬ ಭರವಸೆ ಮಾತ್ರ ಕೊಡಲಿಲ್ಲ. “ಇಷ್ಟು ತಡ ಯಾಕ್ ಮಾಡಿದ್ರಿ?” ಎಂದರು. ಸೆಲ್ವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹೊರಗೆ ಬಂದ ಮೇಲೆ ತಂಗಿಯನ್ನು ಕೇಳಿದೆ. “ಎರಡು ಬೀದಿ ಆಚೆ ಅವ್ರ ಮನೆ. ಒಂದ್ಸಲ ಹೋಗಿ ಹೇಳ್ಬಾರ್ದಿತ್ತೇನೆ ಮಾರಾಯ್ತಿ?”

“ಥಂಬ್ಸ್ ಅಪ್ ಬಂದಿತ್ತಲ್ಲಕ್ಕಾ...” ಅಂದವಳು ಅತ್ತೇಬಿಟ್ಟಳು.

ಓದು ಬಾರದವರನ್ನು ಹೆಬ್ಬೆಟ್ಟು ಎಂದು ಹಂಗಿಸಿದ ಜನ ನಾವು. ಈಗ ನಾವು ಒತ್ತುವುದೂ ಅದನ್ನೇ. ಎದುರಿನವರು ಒತ್ತಿದರೆ ಸಾಕು, ಮಾತು ಮುಟ್ಟಿತೆಂದು ನಂಬಿ ಕೈ ತೊಳೆದುಕೊಳ್ಳುತ್ತೇವೆ.

ಶಾಲೆಯವರೇನೂ ಸುಮ್ಮನೆ ಕೂತಿಲ್ಲ. ನಿನ್ನೆ ಹೆಡ್‌ಮಾಸ್ಟರು ಗ್ರೂಪಿನಲ್ಲಿ ಮೆಸೇಜು ಹಾಕಿದರಂತೆ: ‘ಓದಲು ಬಾರದ ಪೋಷಕರು ದಯವಿಟ್ಟು ತಿಳಿಸಿ.’

ಸಂಜೆಯೊಳಗೆ ಗ್ರೂಪಿನ ತುಂಬ ಹೆಬ್ಬೆಟ್ಟು.