ಹೀರೋ ಎಂಟ್ರಿಗೆ ಎಸೆದ ನಾಣ್ಯ

ವಿಜಯನಗರದಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಹಳೆಯ ಸಿನಿಮಾಗಳ ಭಕ್ತರು. ಟಿವಿಯಲ್ಲಿ ನೋಡಿದರೂ ಅರ್ಧಕ್ಕೆ ನಿಲ್ಲಿಸಿ, ಇಂಟರ್‌ವಲ್ ಎಂದು ಗೇಟಿನ ಹತ್ತಿರ ನಿಂತು ಕಡಲೆಕಾಯಿ ತಿನ್ನುತ್ತಿದ್ದರು. ‘ಆ ಕಾಲವೇ ಬೇರೆ ಗುರು’ ಎನ್ನದೆ ಅವರ ಮಾತು ಶುರುವಾಗುತ್ತಿರಲಿಲ್ಲ.

ಹೊಸ ಟಿವಿ ಬಂದ ಭಾನುವಾರ ನನ್ನನ್ನೂ ಕರೆದು ಕೂರಿಸಿಕೊಂಡರು. ಹೀರೋ ಕುದುರೆಯ ಮೇಲೆ ಬಂದ. ಇವರು ಎದ್ದು ಶಿಳ್ಳೆ ಹೊಡೆದು, ಹಿಂದೆ ಥಿಯೇಟರಿನಲ್ಲಿ ಮಾಡುತ್ತಿದ್ದಂತೆ ಪರದೆಗೆ ನಾಣ್ಯ ಎಸೆದರು. ನನಗೆ ಒಂದೇ ನಾಣ್ಯದ ನೆನಪು. ಅವರ ಹೆಂಡತಿ ಒಂದು ಹಿಡಿ ಎನ್ನುತ್ತಾರೆ. ಪರದೆಯಂತೂ ಬಿರುಕುಬಿಟ್ಟು ಕಪ್ಪಾಯಿತು.

‘ಸಂಜೆ ನನ್ನ ಸೀರಿಯಲ್‌ನಲ್ಲಿ ಮದುವೆ ಇತ್ತಲ್ರೀ,’ ಎಂದರು ಆಕೆ. ‘ಯುಗಾದಿಯಿಂದ ಕಾಯ್ತಾ ಇದ್ದೆ.’

ಅವರು ಹೆಂಡತಿಯ ಕಡೆ ತಿರುಗಲಿಲ್ಲ. ಬಿರುಕಿನ ಮೇಲೆ ಬೆರಳಾಡಿಸಿ ನನಗೆ ಹೇಳಿದರು: ‘ಆ ಕಾಲದ ಪರದೆ ಎಷ್ಟು ಗಟ್ಟಿ ಇತ್ತು ನೋಡು ಗುರು.’