ಏಣಿ ತೆಗೆದವಳು

ಏಣಿ ತೆಗೆದವಳು ನಾನು. ಅದು ತಾನಾಗಿ ಬೀಳಲಿಲ್ಲ, ನನ್ನ ಮಗಳು ಜಯ ಅದನ್ನು ಒದೆಯಲೂ ಇಲ್ಲ — ನಾನೇ ತೆಗೆದು ನೆಲಕ್ಕೆ ಮಲಗಿಸಿದೆ.

ಹಾಗಲವಾಡಿಯ ನಮ್ಮ ಮನೆಯಲ್ಲಿ ಕೊಬ್ಬರಿಯಾಗಲೆಂದು ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತೇವೆ. ಒಣಗಿದ್ದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸಬೇಕು. ಎಂಟು ವರ್ಷದ ಜಯಳನ್ನು ಆ ಕೆಲಸಕ್ಕೆ ಹತ್ತಿಸಿದ್ದೆ. ಅವಳು ಮೇಲೆ ಕೂತು ಆಡುತ್ತಿದ್ದಳು. ಸಿಟ್ಟು ಬಂತು. ಏಣಿ ತೆಗೆದು ಗುಬ್ಬಿ ಸಂತೆಗೆ ಹೋದೆ. ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಗಂಟಲು ಕಟ್ಟಿತ್ತು ಮಗುವಿಗೆ, ಲಂಗವೆಲ್ಲ ಒದ್ದೆ. ಪರಊರಿಗೆ ಹೋಗಿದ್ದ ಅವಳಪ್ಪ ಬಂದ ಮೇಲೆ ಹೇಳಿಯಾಳು ಎಂದು — "ನೀನೇ ಒದ್ದು ಬೀಳಿಸ್ಕೊಂಡೆ ಕಣೇ" ಎಂದೆ. ನಂಬಿದಳು.

ಅಂದಿನಿಂದ ಬಾಗಿಲು ಹಾಕಿದ ಕೋಣೆಯಲ್ಲಿ ಅವಳಿಗೆ ಉಸಿರು ಕಟ್ಟುತ್ತದೆ. ಬಚ್ಚಲಿನ ಚಿಲಕವನ್ನೂ ಹಾಕುವುದಿಲ್ಲ. "ಇದ್ಯಾವ ಸೀಮೆ ಹೆಣ್ಣಪ್ಪ, ಬಾಗ್ಲು ಹಾಕಕ್ಕೂ ಕೈ ಇಲ್ವಾ?" ಎಂದು, ಮದುವೆಯಾಗಿ ಹೋದ ಮೇಲೆ, ಕುಣಿಗಲ್ಲಿನ ಅವಳ ಅತ್ತೆ ಹಂಗಿಸಿದಾಗ ನಾನು — ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದೆ.

ಈಗ ತುಮಕೂರಿನ ಶಿರಾ ಗೇಟ್ ಹತ್ತಿರ ಮನಸ್ಸಿನ ಕಾಯಿಲೆ ನೋಡುವ ಒಬ್ಬ ಡಾಕ್ಟರಮ್ಮನ ಬಳಿ ಹೋಗುತ್ತಾಳೆ. ಜೊತೆಗೆ ನಾನು. ಅವಳಿಗಾಗಿ ಬಾಗಿಲು ತೆರೆದೇ ಇಡುತ್ತಾರೆ, ಹೊರಗಿನ ಬೆಂಚಿಗೆ ಎಲ್ಲ ಕಾಣುತ್ತದೆ, ಕೇಳುತ್ತದೆ. ಸೂಜಿಯಿಲ್ಲ, ಮಾತ್ರೆಯಿಲ್ಲ. ಎರಡು ಬೆರಳು ಆಡಿಸುತ್ತಾರೆ — ಆ ಕಡೆ, ಈ ಕಡೆ. ಅಟ್ಟವನ್ನು ನೆನೆಯುತ್ತ ಜಯ ಆ ಬೆರಳಿನ ಹಿಂದೆಯೇ ಕಣ್ಣು ಆಡಿಸಬೇಕು.

"ಇದೇನ್ ತಾಯಿ, ಬೆರಳಾಡ್ಸಿದ್ರೆ ಮರ್ತೋಗ್ತದಾ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಮರೆಯಲ್ಲ ಅಜ್ಜಿ. ಅವರಿಗೆ ಅದು ಇವತ್ತೇ ನಡೀತಿದ್ದಂಗಿದೆ. ಹಳೇದಾಗ್ಬೇಕು, ಅಷ್ಟೆ."

ಕಣ್ಣು ಆಡಿದರೆ ನೆನಪು ಹೇಗೆ ಹಳೆಯದಾಗುತ್ತದೆ? ಮನೆಯಲ್ಲಿ ನನ್ನ ಬೆರಳನ್ನೇ ಆಡಿಸಿ ನೋಡಿಕೊಂಡೆ. ತಲೆ ಸುತ್ತಿತು. ಜಯಳಿಗೆ ಮಾತ್ರ ಐದಾರು ಸಲಕ್ಕೆ ಉಸಿರು ಕಟ್ಟುವುದು ಕಡಿಮೆಯಾಯಿತು. ಅಟ್ಟ ಈಗ ದೂರ ಕಾಣುತ್ತದೆ ಎಂದಳು. ನನಗಿದು ಇನ್ನೂ ಅರ್ಥವಾಗಿಲ್ಲ, ಆದರೆ ಕಣ್ಣಾರೆ ಕಂಡಿದ್ದೇನೆ.

ಒಂದು ಮಾತು ಮಾತ್ರ ಹೋಗಲಿಲ್ಲ. "ಏಣಿ ಬೀಳ್ಸಿದ್ದು ನಾನೇ. ತಪ್ಪು ನಂದೇ." ಪ್ರತಿ ಸಲವೂ ಅಲ್ಲಿಗೇ ಬಂದು ನಿಲ್ಲುತ್ತಿದ್ದಳು. ಹೇಗೆ ಹೋದೀತು — ಆ ಮಾತನ್ನು ಅವಳೊಳಗೆ ಇಟ್ಟವಳು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಳಲ್ಲ.

ನಿನ್ನೆ ಎದ್ದು ಒಳಗೆ ಹೋದೆ. "ಜಯ, ಏಣಿ ತೆಗ್ದೋಳು ನಾನು ಕಣೇ. ಸುಳ್ಳು ಹೇಳ್ದೆ."

ಡಾಕ್ಟರಮ್ಮನ ಬೆರಳು ನಿಂತಿತು. ಜಯ ಅಳಲಿಲ್ಲ, ಬೈಯಲಿಲ್ಲ. ನನ್ನನ್ನೇ ನೋಡಿದಳು. "ನಾನ್ ಕೂಗಿದ್ದು ಕೇಳುಸ್ತಾ ಅವ್ವ?"

ಬಸ್ಸು ಹತ್ತುವ ತನಕ ಕೇಳಿಸಿತ್ತು.

"ಕೇಳುಸ್ತು" ಎಂದೆ.