ಚಿತ್ರಕ್ಕೊಂದು ಹಳದಿ ಸೀರೆ

"ಸ್ವಲ್ಪ ಇರಮ್ಮ, ಆ ಹಳೇ ಟವಲ್ ಬರೀಬೇಡ," ಎಂದು ಬಾಲ್ಕನಿಯಿಂದ ಅಜ್ಜಿಯೊಬ್ಬರು ಕೂಗಿದರು. ಭಾನುವಾರ ಬೆಳಿಗ್ಗೆ ಹಲಸೂರಿನ ಓಣಿಯಲ್ಲಿ ಕೂತು ನಾನು ಅವರ ಹೆಂಚಿನ ಮನೆಯ ಚಿತ್ರ ಬರೆಯುತ್ತಿದ್ದೆ.

ಒಣಗಲು ಹಾಕಿದ್ದ ಟವಲನ್ನು ಒಳಗಿಟ್ಟು, ಹಳದಿ ರೇಷ್ಮೆ ಸೀರೆಯೊಂದನ್ನು ತಂದು ಅವರು ಕಂಬಿಯ ಮೇಲೆ ಹರಡಿದರು. ಮಡಿಕೆಗಳನ್ನು ಕೈಯಿಂದ ಸವರಿ ಸರಿಮಾಡಿದರು. ಮನೆಯಲ್ಲಿ ಏನಾದರೂ ವಿಶೇಷವೇ ಎಂದು ಕೇಳಿದೆ.

"ಮುಂದಿನ ವಾರ ಮನೆ ಒಡೀತಾರಮ್ಮ. ಮದುವೆಯಾಗಿ ಬಂದಾಗಿಂದ ಇಲ್ಲೇ ಇದ್ದೀನಿ. ನಿನ್ನ ಚಿತ್ರದಲ್ಲಾದ್ರೂ ಚೆನ್ನಾಗಿ ಕಾಣ್ಲಿ."

ನಾನು ಬರೆದು ಮುಗಿಸುವವರೆಗೂ ಅಜ್ಜಿ ಸೀರೆಯ ಪಕ್ಕದಲ್ಲೇ ನಿಂತಿದ್ದರು. ಬಣ್ಣ ಒಣಗಿದ ಮೇಲೆ ಚಿತ್ರವನ್ನು ಅವರಿಗೇ ಕೊಟ್ಟು ಬಂದೆ.

ಅದುವರೆಗೆ ಯಾರ ಮನೆಯೆದುರಾದರೂ ಸುಮ್ಮನೆ ಕೂತು ಬರೆಯುತ್ತಿದ್ದೆ. ಈಗ ಮೊದಲು ಬಾಗಿಲು ತಟ್ಟಿ, ಮನೆಯ ಚಿತ್ರ ಬರೆಯುತ್ತೇನೆಂದು ಹೇಳುತ್ತೇನೆ. ಆಮೇಲೆ ಸ್ವಲ್ಪ ಹೊತ್ತು ಕಾಯುತ್ತೇನೆ.